ಮುಚ್ಚಳದ ಹೆಸರು ಮತ್ತು ಒಳಗಿನ ಹೆಸರುಗಳು: ಲ್ಯಾಪ್‌ಟಾಪ್ ಗಣಕಯಂತ್ರದ ಒಂದು ಆಕರ ವಿಮರ್ಶೆ

೧

ನಮ್ಮ ಕಾಲೇಜುಗಳಲ್ಲಿ ಲ್ಯಾಪ್‌ಟಾಪ್ ಗಣಕಯಂತ್ರದ ಮಾತು ಬಂದಾಗಲೆಲ್ಲ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ಮುಚ್ಚಳದ ಮೇಲೆ ಯಾವ ಕಂಪನಿಯ ಹೆಸರಿದೆಯೋ ಆ ಕಂಪನಿಯೇ ಯಂತ್ರವನ್ನು ಆದ್ಯಂತವಾಗಿ ನಿರ್ಮಿಸಿದೆ ಎಂಬುದು ಮೊದಲನೆಯದು. ಒಳಗಿರುವುದೆಲ್ಲ ಒಂದೇ, ಹೆಸರೆಂಬುದು ವ್ಯಾಪಾರದ ಉಪಾಯ, ಹೆಸರಿಗೆಂದು ಹೆಚ್ಚು ಹಣ ತೆರುವವನು ಮೋಸಹೋಗುತ್ತಾನೆ ಎಂಬುದು ಎರಡನೆಯದು. ಮೊದಲನೆಯದು ಜಾಹೀರಾತುಗಳಿಂದ ಹುಟ್ಟಿದ ಅಭಿಪ್ರಾಯ. ಎರಡನೆಯದು ಜಾಹೀರಾತುಗಳಲ್ಲಿ ನಂಬಿಕೆ ಕಳೆದುಕೊಂಡವರ ಅಭಿಪ್ರಾಯ. ಇವು ಪರಸ್ಪರ ವಿರುದ್ಧವಾಗಿ ತೋರಿದರೂ ಇವೆರಡರಲ್ಲಿಯೂ ಒಂದೇ ದೋಷವಿದೆ. ಯಂತ್ರದ ಒಳಗೆ ಏನಿದೆ, ಅದನ್ನು ಯಾರು ಮಾಡಿದರು ಎಂದು ಪರಿಶೀಲಿಸುವ ಶ್ರಮವನ್ನು ಎರಡು ಪಕ್ಷದವರೂ ವಹಿಸುವುದಿಲ್ಲ.

ಈ ವಿಷಯವನ್ನು ಕುರಿತು ಇತಿಹಾಸದ ಅಧ್ಯಾಪಕರಾದ ನಾವು ಮಾತನಾಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ವಿದ್ಯುನ್ಮಾನ ಶಾಸ್ತ್ರದಲ್ಲಿ ನಮಗೆ ಪರಿಣತಿಯಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೆ ಒಂದು ವಸ್ತುವಿನ ಮೇಲೆ ಬರೆದಿರುವ ಹೆಸರಿಗೂ ಆ ವಸ್ತುವನ್ನು ಮಾಡಿದ ಕೈಗಳಿಗೂ ಇರುವ ಸಂಬಂಧವನ್ನು ಶೋಧಿಸುವುದು ಇತಿಹಾಸಕಾರನ ನಿತ್ಯದ ಕೆಲಸ. ಶಾಸನವನ್ನೋ ತಾಮ್ರಪಟವನ್ನೋ ಪರೀಕ್ಷಿಸುವ ಕ್ರಮವನ್ನೇ ಈ ಯಂತ್ರಕ್ಕೂ ಅನ್ವಯಿಸಿ ನೋಡಿದರೆ ಮೇಲ್ಕಂಡ ಎರಡು ಅಭಿಪ್ರಾಯಗಳನ್ನೂ ತಿದ್ದಬಹುದು ಎಂಬುದು ಪ್ರಕೃತ ಲೇಖನದ ವಾದ. ಈ ತಿದ್ದುಪಡಿಯಿಂದ ನಮ್ಮ ಮಲೆನಾಡಿನ ವಿದ್ಯಾರ್ಥಿಗಳಿಗೆ ಆಗಬಹುದಾದ ಪ್ರಯೋಜನವನ್ನು ಕೊನೆಯಲ್ಲಿ ಹೇಳುತ್ತೇವೆ.

೨

ಮೊದಲು ಪರೀಕ್ಷೆಯ ಕ್ರಮವನ್ನು ಸ್ಪಷ್ಟಪಡಿಸಿಕೊಳ್ಳೋಣ. ಹೊಯ್ಸಳರ ಮೂಲಸ್ಥಾನವೆನಿಸಿದ ಸೊಸೆವೂರು ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೆಂಬುದು ವಿದ್ವಾಂಸರು ಒಪ್ಪಿದ ವಿಷಯ. ಆ ವಂಶದ ವಿಷ್ಣುವರ್ಧನನು ೧೧೧೭ರಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಟ್ಟಿಸಿದನೆಂದು ನಾವೆಲ್ಲರೂ ಪಾಠ ಹೇಳುತ್ತೇವೆ. ಹೇಳಿಕೆ ಸುಳ್ಳಲ್ಲ. ಆದರೆ ದೇವಾಲಯದ ಮದನಿಕೆಯರ ಪೀಠಗಳನ್ನು ಬಾಗಿ ನೋಡಿದವರಿಗೆ ಬೇರೆ ಹೆಸರುಗಳು ಕಾಣಿಸುತ್ತವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳು ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಕೊರೆದಿದ್ದಾರೆ. ಆರ್. ನರಸಿಂಹಾಚಾರ್ಯರು ಸೋಮನಾಥಪುರ (೧೯೧೭) ಮತ್ತು ಬೇಲೂರು (೧೯೧೯) ದೇವಾಲಯಗಳನ್ನು ಕುರಿತು ಬರೆದ ಗ್ರಂಥಗಳಲ್ಲಿ ಈ ಬಗೆಯ ಹೆಸರುಗಳಿಗೆ ಸ್ಥಾನ ಕೊಟ್ಟ ಮೇಲೆ, 'ಕಟ್ಟಿಸಿದವನು' ಮತ್ತು 'ಕಟ್ಟಿದವರು' ಎಂಬ ಭೇದವನ್ನು ನಮ್ಮ ಇತಿಹಾಸ ರಚನೆ ಕಡೆಗಣಿಸುವಂತಿಲ್ಲ.

ನಮ್ಮ ಜಿಲ್ಲೆಯಲ್ಲಿಯೇ ಇರುವ ತರೀಕೆರೆ ಬಳಿಯ ಅಮೃತಾಪುರದ ಉದಾಹರಣೆ ಇನ್ನೂ ಬೋಧಪ್ರದವಾದುದು. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ೧೧೯೬ರಲ್ಲಿ ಕಟ್ಟಿಸಿದ ಈ ದೇವಾಲಯದೊಡನೆ ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರು ಸೇರಿಕೊಂಡಿದೆ. ಇದೇ ಹೆಸರು ೧೨೬೮ರ ಸೋಮನಾಥಪುರದ ಕೇಶವ ದೇವಾಲಯದಲ್ಲಿಯೂ ಮತ್ತೆ ಮತ್ತೆ ಬರುತ್ತದೆ. ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಬೇರೆ ಬೇರೆ ಒಡೆಯರ ಕಟ್ಟಡಗಳಲ್ಲಿ ಒಂದೇ ಶಿಲ್ಪಿಯ ಕೈವಾಡವಿರಬಹುದು ಎಂಬುದು ಒಂದು. ಎಪ್ಪತ್ತೆರಡು ವರ್ಷಗಳ ಅಂತರದಲ್ಲಿ ಒಂದೇ ಹೆಸರು ಕಂಡ ಮಾತ್ರಕ್ಕೆ ವ್ಯಕ್ತಿಯೂ ಒಬ್ಬನೇ ಎಂದು ನಿರ್ಧರಿಸಲಾಗದು ಎಂಬುದು ಇನ್ನೊಂದು. ಲ್ಯಾಪ್‌ಟಾಪ್ ಯಂತ್ರದ ವಿಚಾರದಲ್ಲಿ ಇವೆರಡೂ ನಮಗೆ ಬೇಕಾಗುತ್ತವೆ.

೩

ಈ ವಿಚಾರಕ್ಕೆ ನಮ್ಮನ್ನು ಪ್ರೇರೇಪಿಸಿದ್ದು ಒಂದು ಸಣ್ಣ ಘಟನೆ. ಕಳಸದ ಕಡೆಯ ವಿದ್ಯಾರ್ಥಿಯೊಬ್ಬನ ಲ್ಯಾಪ್‌ಟಾಪ್ ಮಳೆಗಾಲದ ಕೊನೆಯಲ್ಲಿ ಕೆಲಸ ನಿಲ್ಲಿಸಿತು. ಸ್ನಾತಕೋತ್ತರ ಪ್ರಬಂಧಕ್ಕಾಗಿ ಅವನು ಎರಡು ವರ್ಷ ಅಲೆದು ತೆಗೆದ ಶಾಸನಗಳ ಮತ್ತು ವೀರಗಲ್ಲುಗಳ ಛಾಯಾಚಿತ್ರಗಳೆಲ್ಲ ಅದರಲ್ಲಿದ್ದವು. ಬೇರೆ ಪ್ರತಿ ಇರಲಿಲ್ಲ. ಸೇವಾಕೇಂದ್ರವೊಂದರಲ್ಲಿ ವಿಚಾರಿಸಿದಾಗ ಇಡೀ ಮದರ್‌ಬೋರ್ಡನ್ನು ಬದಲಿಸಬೇಕೆಂದೂ, ಅದಕ್ಕೆ ಯಂತ್ರದ ಬೆಲೆಯ ಅರ್ಧದಷ್ಟು ಹಣ ಬೇಕೆಂದೂ, ಒಳಗಿನ ಕಡತಗಳ ಹೊಣೆ ತಮ್ಮದಲ್ಲವೆಂದೂ ಉತ್ತರ ಬಂದಿತು. ಹುಡುಗನಿಗೆ ಅಷ್ಟು ಹಣ ಹೊಂದಿಸುವುದು ಸಾಧ್ಯವಿರಲಿಲ್ಲ. ಪಟ್ಟಣದ ರಿಪೇರಿ ಕೆಲಸದವರೊಬ್ಬರು ನಮ್ಮ ಸಮ್ಮುಖದಲ್ಲಿಯೇ ತಳದ ತಿರುಪುಗಳನ್ನು ಬಿಚ್ಚಿ, ಬೆರಳುದ್ದದ ಒಂದು ಹಲಗೆಯನ್ನು ಹೊರತೆಗೆದರು. ಅದು ಕಡತಗಳಿರುವ ಎಸ್‌ಎಸ್‌ಡಿ. ಬೋರ್ಡಿಗೂ ಅದಕ್ಕೂ ಬೆಸುಗೆಯ ಸಂಬಂಧವಿರಲಿಲ್ಲ. ಒಂದು ಹೊರಪೆಟ್ಟಿಗೆಯಲ್ಲಿ ಅದನ್ನಿಟ್ಟು ಬೇರೆ ಯಂತ್ರಕ್ಕೆ ಜೋಡಿಸಿದಾಗ ಛಾಯಾಚಿತ್ರಗಳೆಲ್ಲ ಹಾಗೆಯೇ ಇದ್ದವು. ಬ್ಯಾಟರಿ ಉಬ್ಬಿತ್ತು, ಅದರ ಮೇಲಿದ್ದ ಸಂಖ್ಯೆಯನ್ನು ಹಿಡಿದು ಬೇರೊಂದನ್ನು ತರಿಸಲಾಯಿತು. ಚಾರ್ಜಿನ ಭಾಗದಲ್ಲಿ ತೇವದಿಂದ ಕಿಲುಬು ಹಿಡಿದಿದ್ದ ಒಂದು ಸಣ್ಣ ಚಿಪ್ಪನ್ನು ಬದಲಿಸಿದ ಮೇಲೆ ಯಂತ್ರ ನಡೆಯಿತು.

ಆ ದಿನ ಮೇಜಿನ ಮೇಲೆ ಹರಡಿದ್ದ ಭಾಗಗಳ ಮೇಲಿನ ಹೆಸರುಗಳನ್ನು ನಾವು ಬರೆದುಕೊಂಡೆವು. ಮುಚ್ಚಳದ ಹೆಸರು ಒಂದು. ಒಳಗಿನ ಹೆಸರುಗಳು ಹನ್ನೆರಡಕ್ಕೂ ಮೇಲ್ಪಟ್ಟಿದ್ದವು. ತರುವಾಯ ಸಾಧ್ಯವಾದಷ್ಟು ಓದಿ ತಿಳಿದುಕೊಂಡುದನ್ನು, ಯಾವುದೇ ಒಂದು ಯಂತ್ರಕ್ಕೆ ಸೀಮಿತಗೊಳಿಸದೆ, ಇಲ್ಲಿ ಸಂಗ್ರಹಿಸುತ್ತೇವೆ.

ಯಂತ್ರದ ಲೆಕ್ಕಾಚಾರ ನಡೆಸುವ ಪ್ರೊಸೆಸರ್ ಬಹುಮಟ್ಟಿಗೆ ಇಂಟೆಲ್ ಅಥವಾ ಎಎಮ್‌ಡಿ ಕಂಪನಿಯದು. ಇಲ್ಲಿಯೂ ಕಟ್ಟಿಸಿದವರು ಮತ್ತು ಕಟ್ಟಿದವರು ಎಂಬ ಭೇದವುಂಟು. ಎಎಮ್‌ಡಿ ತನ್ನ ಕಾರ್ಖಾನೆಗಳನ್ನು ೨೦೦೯ರಲ್ಲಿ ಬೇರ್ಪಡಿಸಿತು. ಅದು ಈಗ ವಿನ್ಯಾಸವನ್ನು ಮಾತ್ರ ಮಾಡುತ್ತದೆ. ಅದರ ಇಂದಿನ ಪ್ರೊಸೆಸರುಗಳನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಮೂಡಿಸುವುದು ೧೯೮೭ರಲ್ಲಿ ತೈವಾನಿನಲ್ಲಿ ಸ್ಥಾಪಿತವಾದ ಟಿಎಸ್‌ಎಮ್‌ಸಿ. ಆಪಲ್ ೨೦೨೦ರಲ್ಲಿ ಹೊರತಂದ ಎಮ್ ೧ ಚಿಪ್ಪಿನ ವಿನ್ಯಾಸ ಆಪಲಿನದಾದರೂ ಅದು ಪಾಲಿಸುವ ಆಜ್ಞಾಕ್ರಮ ಆರ್ಮ್ ಎಂಬ ಬ್ರಿಟಿಷ್ ಸಂಸ್ಥೆಯದು, ತಯಾರಿಕೆ ಟಿಎಸ್‌ಎಮ್‌ಸಿಯದು. ಸ್ವಂತ ಕಾರ್ಖಾನೆಗಳಿರುವ ಇಂಟೆಲ್ ಕೂಡ ೨೦೨೩ರ ಕೊನೆಯಿಂದ ಹೊರಬಂದ ತನ್ನ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ ಕೆಲವು ತುಣುಕುಗಳನ್ನು ಟಿಎಸ್‌ಎಮ್‌ಸಿಯಿಂದ ಮಾಡಿಸಿದೆ. ಟಿಎಸ್‌ಎಮ್‌ಸಿಗಾದರೋ ಅತಿ ಸೂಕ್ಷ್ಮ ರೇಖೆಗಳನ್ನು ಮೂಡಿಸಲು ನೆದರ್ಲೆಂಡ್ಸಿನ ಎಎಸ್‌ಎಮ್‌ಎಲ್ ಕಂಪನಿಯ ಯಂತ್ರವೇ ಬೇಕು. ಆ ಯಂತ್ರದ ದರ್ಪಣಗಳು ಜರ್ಮನಿಯ ಜೈಸ್ ಕಂಪನಿಯವು. ಹೀಗೆ ಒಂದೊಂದು ಹೆಸರನ್ನು ಕೆರೆದಾಗಲೂ ಅದರ ಕೆಳಗೆ ಮತ್ತೊಂದು ಹೆಸರು ಕಾಣುತ್ತದೆ.

ತಾತ್ಕಾಲಿಕ ನೆನಪಾದ ರ್ಯಾಮ್‌ನ ಚಿಪ್ಪುಗಳನ್ನು ಜಗತ್ತಿನಲ್ಲಿ ಬಹುಪಾಲು ತಯಾರಿಸುವವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಮೈಕ್ರಾನ್ ಎಂಬ ಮೂವರು. ಅಂಗಡಿಯಲ್ಲಿ ಸುಪರಿಚಿತವಾದ ಕಿಂಗ್‌ಸ್ಟನ್ ಮೊದಲಾದ ಹೆಸರುಗಳು ಈ ಚಿಪ್ಪುಗಳನ್ನು ಕೊಂಡು ಹಲಗೆಗೆ ಜೋಡಿಸಿ ಮಾರುವವರ ಹೆಸರುಗಳು. ಎಸ್‌ಎಸ್‌ಡಿಯ ಒಳಗೂ ಎರಡು ಮುಖ್ಯ ಅಂಗಗಳಿವೆ. ಮಾಹಿತಿಯನ್ನು ಹಿಡಿದಿಡುವ ಫ್ಲಾಶ್ ಚಿಪ್ ಒಂದು, ಅದನ್ನು ನಿಯಂತ್ರಿಸುವ ಚಿಪ್ ಇನ್ನೊಂದು. ಇವುಗಳ ತಯಾರಕರು ಅನೇಕ ವೇಳೆ ಬೇರೆ ಬೇರೆ. ಪರದೆ ಚೀನದ ಬಿಓಇ, ತೈವಾನಿನ ಎಯುಓ ಮತ್ತು ಇನೊಲಕ್ಸ್, ಕೊರಿಯದ ಎಲ್‌ಜಿ ಡಿಸ್ಪ್ಲೇ ಮುಂತಾದ ಕೆಲವೇ ಕಾರ್ಖಾನೆಗಳಿಂದ ಬರುತ್ತದೆ. ಕೀಲಿಮಣೆ, ಚಾರ್ಜರ್, ಧ್ವನಿಯ ಚಿಪ್, ವೈಫೈ ಹಲಗೆ ಇವುಗಳಿಗೂ ಪ್ರತ್ಯೇಕ ತಯಾರಕರಿದ್ದಾರೆ. ಯಂತ್ರಕ್ಕೆ ವಿದ್ಯುತ್ ಕೊಟ್ಟೊಡನೆ ಮೊದಲು ಎಚ್ಚರಗೊಳ್ಳುವ ಆರಂಭಿಕ ತಂತ್ರಾಂಶವನ್ನು ಕೂಡ ಇನ್‌ಸೈಡ್, ಫೀನಿಕ್ಸ್, ಎಎಮ್‌ಐ ಮುಂತಾದ ಮೂರನೆಯವರಿಂದ ಪಡೆಯುವುದು ವಾಡಿಕೆ.

ಹಾಗಾದರೆ ಈ ಭಾಗಗಳನ್ನೆಲ್ಲ ಜೋಡಿಸಿದವರಾದರೂ ಮುಚ್ಚಳದ ಹೆಸರಿನವರೇ? ಬಹುಮಟ್ಟಿಗೆ ಅಲ್ಲ. ಕ್ವಾಂಟಾ, ಕಾಂಪಾಲ್, ವಿಸ್ಟ್ರಾನ್, ಇನ್ವೆಂಟೆಕ್, ಪೆಗಟ್ರಾನ್ ಎಂಬ ತೈವಾನಿನ ಕಂಪನಿಗಳು ಜಗತ್ತಿನ ಲ್ಯಾಪ್‌ಟಾಪುಗಳಲ್ಲಿ ಬಹುಭಾಗವನ್ನು ಜೋಡಿಸುತ್ತವೆ. ಅನೇಕ ವೇಳೆ ವಿನ್ಯಾಸದ ಕೆಲಸದಲ್ಲಿಯೂ ಅವುಗಳ ಪಾಲಿರುತ್ತದೆ. ಅಂಗಡಿಯ ಕಪಾಟಿನಲ್ಲಿ ಪರಸ್ಪರ ಸ್ಪರ್ಧಿಸುವ ಎರಡು ಹೆಸರುಗಳ ಯಂತ್ರಗಳು ಒಂದೇ ಕಂಪನಿಯ ಕೈಯಿಂದ ಬಂದಿರುವುದು ಅಪರೂಪವಲ್ಲ. ಅಮೃತಾಪುರದ ಮೊದಲನೆಯ ಪಾಠ ಇಲ್ಲಿ ನೆನಪಾಗುತ್ತದೆ.

೪

ಈ ವ್ಯವಸ್ಥೆ ಹೇಗೆ ಬಂದಿತೆಂಬುದಕ್ಕೂ ಒಂದು ಇತಿಹಾಸವುಂಟು. ೧೯೮೧ರ ಆಗಸ್ಟಿನಲ್ಲಿ ಐಬಿಎಮ್ ತನ್ನ ವೈಯಕ್ತಿಕ ಗಣಕಯಂತ್ರವನ್ನು ಹೊರತಂದಾಗ ಬೇಗ ಮುಗಿಸಬೇಕೆಂಬ ಅವಸರದಿಂದ ಅನ್ಯರ ಭಾಗಗಳನ್ನೇ ಬಳಸಿತು. ಪ್ರೊಸೆಸರ್ ಇಂಟೆಲಿನ ೮೦೮೮. ಕಾರ್ಯನಿರ್ವಹಣ ತಂತ್ರಾಂಶ ಮೈಕ್ರೊಸಾಫ್ಟಿನದು. ಐಬಿಎಮ್‌ನದೇ ಆದ ಆರಂಭಿಕ ತಂತ್ರಾಂಶಕ್ಕೆ ಸಮಾನವಾದುದನ್ನು ಇತರರು ಸ್ವತಂತ್ರವಾಗಿ ಬರೆದೊಡನೆ ಅದೇ ಬಗೆಯ ಯಂತ್ರವನ್ನು ಯಾರು ಬೇಕಾದರೂ ಕಟ್ಟಬಹುದಾಯಿತು. ಅಂದಿನಿಂದ ಹೆಸರು ಒಬ್ಬರದು, ಭಾಗಗಳು ಹಲವರವು ಎಂಬ ಕ್ರಮ ಸ್ಥಿರಪಟ್ಟಿತು.

೧೯೯೧ರಲ್ಲಿ ಇಂಟೆಲ್ ಒಂದು ಹೊಸ ಹೆಜ್ಜೆಯನ್ನಿಟ್ಟಿತು. ಒಳಗಿನ ಭಾಗದ ತಯಾರಕನಾದ ತನ್ನ ಹೆಸರನ್ನೇ ಯಂತ್ರದ ಹೊರಮೈಗೆ ಚೀಟಿಯಾಗಿ ಅಂಟಿಸುವಂತೆ ಕಂಪನಿಗಳನ್ನು ಒಪ್ಪಿಸಿತು. ಶಿಲ್ಪಿಯೊಬ್ಬ ತನ್ನ ಹೆಸರನ್ನು ವಿಗ್ರಹದ ಪೀಠದಿಂದ ದೇವಾಲಯದ ಬಾಗಿಲುವಾಡಕ್ಕೆ ತಂದಂತೆ ಇದು. ಆದರೆ ಈ ಗೌರವ ದೊರೆತುದು ಜಾಹೀರಾತಿಗೆ ಹಣ ಚೆಲ್ಲಬಲ್ಲ ಶಿಲ್ಪಿಗೆ ಮಾತ್ರ. ಪರದೆಯವರೂ ಬ್ಯಾಟರಿಯವರೂ ಅಜ್ಞಾತರಾಗಿಯೇ ಉಳಿದರು.

ಹೆಸರುಗಳು ಕೈಬದಲಾಯಿಸಿದುದನ್ನೂ ಗಮನಿಸಬೇಕು. ಐಬಿಎಮ್‌ನ ಥಿಂಕ್‌ಪ್ಯಾಡ್ ೨೦೦೫ರಲ್ಲಿ ಚೀನದ ಲೆನೊವೊ ವಶವಾಯಿತು. ಸೋನಿ ೨೦೧೪ರಲ್ಲಿ ವಯೋ ಎಂಬ ತನ್ನ ವಿಭಾಗವನ್ನು ಬಿಟ್ಟುಕೊಟ್ಟಿತು. ತೋಷಿಬಾದ ಲ್ಯಾಪ್‌ಟಾಪ್ ವ್ಯವಹಾರ ೨೦೧೮ರಲ್ಲಿ ಶಾರ್ಪ್ ಕಂಪನಿಗೆ ಸೇರಿತು. ಹಳೆಯ ಯಂತ್ರದ ಗುಣವನ್ನು ನೆನೆದು ಅದೇ ಹೆಸರಿನ ಹೊಸ ಯಂತ್ರವನ್ನು ಕೊಳ್ಳುವವರು ಈ ಬದಲಾವಣೆಗಳನ್ನು ತಿಳಿದಿರಬೇಕು. ಹೊಸದು ಕೆಟ್ಟದೆಂದು ಇದರ ಅರ್ಥವಲ್ಲ. ಮಲ್ಲಿತಮ್ಮನ ವಿಷಯದಲ್ಲಿ ನಾವು ತೋರುವ ಎಚ್ಚರ ಇಲ್ಲಿಯೂ ಬೇಕೆಂದಷ್ಟೇ ಅರ್ಥ. ಒಡೆತನ ಬದಲಾಗದಿದ್ದರೂ ಹೆಸರಿನ ಕೆಳಗಿನ ವಸ್ತು ಬದಲಾಗಬಹುದು. ೨೦೨೧ರಲ್ಲಿ ವೆಸ್ಟರ್ನ್ ಡಿಜಿಟಲ್ ಮತ್ತು ಸ್ಯಾಮ್‌ಸಂಗ್ ಕಂಪನಿಗಳ ಎರಡು ಪ್ರಸಿದ್ಧ ಎಸ್‌ಎಸ್‌ಡಿಗಳಲ್ಲಿ ಹೆಸರನ್ನು ಹಾಗೆಯೇ ಉಳಿಸಿ ಒಳಗಿನ ಅಂಗಗಳನ್ನು ಬದಲಿಸಿದ್ದು ಪರೀಕ್ಷಕರ ಕಣ್ಣಿಗೆ ಬಿದ್ದಿತು. ಗ್ರಂಥಸಂಪಾದನೆಯಲ್ಲಿ ಪ್ರಕ್ಷಿಪ್ತ ಭಾಗಗಳನ್ನು ಗುರುತಿಸುವವರಿಗೆ ಇದು ಅಪರಿಚಿತ ಸಂಗತಿಯೇನೂ ಅಲ್ಲ.

ಒಳಗಿನ ಹೆಸರನ್ನು ಅರಿಯದಿದ್ದರೆ ಏನಾಗುತ್ತದೆಂಬುದಕ್ಕೆ ೨೦೦೬ರ ಪ್ರಸಂಗಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗಲಾರದು. ಆ ವರ್ಷ ಡೆಲ್ ಕಂಪನಿ ಸುಮಾರು ೪೧ ಲಕ್ಷ ಬ್ಯಾಟರಿಗಳನ್ನು ಬೆಂಕಿಯ ಅಪಾಯದ ಕಾರಣದಿಂದ ಹಿಂದಕ್ಕೆ ಕರೆಸಿಕೊಂಡಿತು. ಕೆಲವೇ ದಿನಗಳಲ್ಲಿ ಆಪಲ್ ಸುಮಾರು ೧೮ ಲಕ್ಷ ಬ್ಯಾಟರಿಗಳನ್ನು ಕರೆಸಿಕೊಂಡಿತು. ಲೆನೊವೊ, ತೋಷಿಬಾ ಮೊದಲಾದವರೂ ಅದೇ ದಾರಿ ಹಿಡಿದರು. ಮುಚ್ಚಳಗಳ ಮೇಲೆ ಹೆಸರುಗಳು ಬೇರೆಯಾಗಿದ್ದವು. ಬ್ಯಾಟರಿಯ ಒಳಗಿನ ಕೋಶಗಳು ಮಾತ್ರ ಸೋನಿ ಕಂಪನಿಯೊಂದರಿಂದಲೇ ಬಂದಿದ್ದವು. ಲಿಥಿಯಂ ಅಯಾನ್ ಬ್ಯಾಟರಿಯನ್ನು ೧೯೯೧ರಲ್ಲಿ ಮೊದಲು ಮಾರುಕಟ್ಟೆಗೆ ತಂದ ಕೀರ್ತಿಯೂ ಅದೇ ಕಂಪನಿಗೆ ಸಲ್ಲುತ್ತದೆ. ಹೆಸರನ್ನು ನೋಡಿ ಸುರಕ್ಷಿತವೆಂದು ಒಂದನ್ನು ಬಿಟ್ಟು ಇನ್ನೊಂದನ್ನು ಕೊಂಡಿದ್ದವನಿಗೆ ಆ ಆಯ್ಕೆಯಿಂದ ಯಾವ ರಕ್ಷಣೆಯೂ ದೊರೆತಿರಲಿಲ್ಲ.

೫

ಇಷ್ಟನ್ನು ಓದಿದವರು ಎರಡನೆಯ ಅಭಿಪ್ರಾಯವೇ ಸರಿಯೆನ್ನಬಹುದು. ಒಳಗೆಲ್ಲ ಒಂದೇ ಆದ ಮೇಲೆ ಹೆಸರಿಗೇಕೆ ಬೆಲೆ ಎನ್ನಬಹುದು. ಇದನ್ನು ನಾವು ಒಪ್ಪಲಾರೆವು. ಏಕೆಂಬುದನ್ನು ತಿಳಿಯಲು ಕಾಫಿಯ ಸೀಮೆಯಲ್ಲಿರುವ ನಾವು ದೂರ ಹೋಗಬೇಕಾಗಿಲ್ಲ.

೧೯೪೨ರ ಕಾಫಿ ಕಾಯಿದೆಯ ಮೇರೆಗೆ ಕಾಫಿ ಮಂಡಳಿಯ ವ್ಯವಸ್ಥೆ ನೆಲೆಗೊಂಡ ಮೇಲೆ ಸುಮಾರು ಅರ್ಧ ಶತಮಾನದ ಕಾಲ ಬೆಳೆಗಾರನು ತನ್ನ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸುತ್ತಿದ್ದನು. ಮೂಡಿಗೆರೆಯ ತೋಟದ ಪಾರ್ಚ್‌ಮೆಂಟೂ ಕಳಸದ ತೋಟದ ಚೆರ್ರಿಯೂ ಕ್ಯೂರಿಂಗ್ ವರ್ಕ್ಸ್ ದಾಟಿದ ಮೇಲೆ ದರ್ಜೆಯ ಗುರುತನ್ನು ಪಡೆದು ತೋಟದ ಹೆಸರನ್ನು ಕಳೆದುಕೊಳ್ಳುತ್ತಿದ್ದವು. ೧೯೯೨ರಿಂದ ೧೯೯೬ರವರೆಗೆ ಹಂತಹಂತವಾಗಿ ಮುಕ್ತ ಮಾರಾಟಕ್ಕೆ ಅವಕಾಶವಾದ ಮೇಲೂ, ಪೊಟ್ಟಣದ ಮೇಲಿನ ಹೆಸರು ಬಹುಮಟ್ಟಿಗೆ ಹುರಿದು ಬೆರೆಸುವವನದೇ ಹೊರತು ಬೆಳೆದವನದಲ್ಲ. ಹಾಗೆಂದು ಹುರಿಯುವವನ ಕೆಲಸ ಶೂನ್ಯವೆಂದು ಚಿಕ್ಕಮಗಳೂರಿನಲ್ಲಿ ಯಾರೂ ಹೇಳುವುದಿಲ್ಲ. ಅದೇ ಅರಬಿಕಾ, ಅದೇ ರೋಬಸ್ಟ ಇಬ್ಬರ ಕೈಯಲ್ಲಿ ಎರಡು ರುಚಿಯಾಗುವುದನ್ನು ನಾವು ದಿನವೂ ಕಾಣುತ್ತೇವೆ. ಬೀಜದ ಆಯ್ಕೆ, ಹುರಿಯುವ ಹದ, ಬೆರಕೆಯ ಪ್ರಮಾಣ, ಇಂದು ಕೊಟ್ಟ ರುಚಿಯನ್ನೇ ನಾಳೆಯೂ ಕೊಡುವ ಹೊಣೆ ಇವು ಅವನವು.

ಲ್ಯಾಪ್‌ಟಾಪಿನ ಕಂಪನಿಯ ಪಾತ್ರವೂ ಇಂತಹುದೇ. ಒಂದೇ ಪ್ರೊಸೆಸರನ್ನು ಎರಡು ಯಂತ್ರಗಳಲ್ಲಿ ಇಟ್ಟರೆ ಒಂದು ಚುರುಕಾಗಿಯೂ ಇನ್ನೊಂದು ಮಂದವಾಗಿಯೂ ನಡೆಯಬಹುದು. ಶಾಖವನ್ನು ಹೊರಹಾಕುವ ತಾಮ್ರದ ಕೊಳವೆ ಮತ್ತು ಫ್ಯಾನು ಸಾಲದಾದಾಗ ಪ್ರೊಸೆಸರ್ ತನ್ನನ್ನು ತಾನೇ ಕಾಪಾಡಿಕೊಳ್ಳಲು ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಎಷ್ಟು ವಿದ್ಯುತ್ತನ್ನು ಎಷ್ಟು ಹೊತ್ತು ಕೊಡಬೇಕು, ಎಂತಹ ಪರದೆ ಹಾಕಬೇಕು, ಕೀಲುಗಳು ಎಷ್ಟು ಬಾರಿ ತೆರೆದು ಮುಚ್ಚಿದರೂ ತಾಳಬೇಕು, ಭಾಗ ಕೆಟ್ಟಾಗ ಎಷ್ಟು ವರ್ಷದವರೆಗೆ ಬದಲಿ ಒದಗಿಸಬೇಕು ಎಂಬ ನಿರ್ಧಾರಗಳಲ್ಲಿ ಹೆಸರಿನವನ ಯೋಗ್ಯತೆಯಿದೆ. ಆದುದರಿಂದ ಮುಚ್ಚಳದ ಹೆಸರನ್ನು ತಯಾರಕನ ಹೆಸರೆಂದು ಓದುವುದಕ್ಕಿಂತ ಆಯ್ಕೆಗೂ ಹೊಣೆಗೂ ಹಾಕಿದ ರುಜುವೆಂದು ಓದುವುದು ಸರಿಯಾದೀತು. ಆ ಹೊಣೆಯನ್ನು ಹೊತ್ತಷ್ಟು ಮಟ್ಟಿಗೆ ಹೆಸರಿಗೆ ಬೆಲೆ ಸಲ್ಲಬೇಕು.

ಆದರೆ ಕಾಫಿಗೂ ಲ್ಯಾಪ್‌ಟಾಪಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಚಿಕೋರಿ ಬೆರೆಸಿದ ಕಾಫಿಯ ಪೊಟ್ಟಣದಲ್ಲಿ ಕಾಫಿ ಶೇಕಡ ೫೧ಕ್ಕೆ ಕಡಿಮೆಯಿರಕೂಡದೆಂದೂ, ಕಾಫಿ ಎಷ್ಟು ಚಿಕೋರಿ ಎಷ್ಟು ಎಂಬುದನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದೂ ನಮ್ಮ ಆಹಾರ ನಿಯಮಗಳು ವಿಧಿಸುತ್ತವೆ. ಬೀಜದ ಊರಿಗೂ ಈಗ ಮನ್ನಣೆ ದೊರೆತಿದೆ; ೨೦೧೯ರಲ್ಲಿ ಚಿಕ್ಕಮಗಳೂರು ಅರಬಿಕಾ ಮತ್ತು ಬಾಬಾಬುಡನ್‌ಗಿರಿ ಅರಬಿಕಾ ಭೌಗೋಳಿಕ ಸೂಚಕದ ಗುರುತನ್ನು ಪಡೆದವು. ಕೆಲವು ನೂರು ರೂಪಾಯಿಗಳ ಪೊಟ್ಟಣಕ್ಕೆ ಇಷ್ಟು ಘೋಷಣೆ ಅಗತ್ಯವೆನಿಸಿದರೆ, ವಿದ್ಯಾರ್ಥಿಯ ಮನೆಯವರು ಒಂದು ಸುಗ್ಗಿಯ ಉಳಿತಾಯವನ್ನು ಸುರಿದು ಕೊಳ್ಳುವ ಯಂತ್ರಕ್ಕೆ ಏಕೆ ಬೇಡ? ಪೆಟ್ಟಿಗೆಯ ಮೇಲೆ ಆಮದು ಮಾಡಿದವರ ವಿಳಾಸವೂ ತಯಾರಾದ ದೇಶದ ಹೆಸರೂ ಇರುತ್ತವೆ. ಪರದೆ ಯಾರದು, ಬ್ಯಾಟರಿಯ ಕೋಶ ಯಾರದು, ರ್ಯಾಮನ್ನು ಬಿಚ್ಚಿ ಬದಲಿಸಬಹುದೆ ಅಥವಾ ಬೆಸುಗೆ ಹಾಕಲಾಗಿದೆಯೆ ಎಂಬುದನ್ನು ಅಲ್ಲಿ ಹುಡುಕಿದರೆ ನಿರಾಶೆಯೇ ಗತಿ. ನಮ್ಮ ಮುಖ್ಯ ಆಕ್ಷೇಪಣೆ ಹೆಸರಿನ ಮೇಲಲ್ಲ, ಈ ಮೌನದ ಮೇಲೆ.

೬

ಈ ಸಂದರ್ಭದಲ್ಲಿ ಸ್ವದೇಶಿಯೆಂಬ ಮಾತನ್ನೂ ಪರೀಕ್ಷಿಸಬೇಕು. ೧೯೮೦ರ ದಶಕದಲ್ಲಿ ವಿಪ್ರೊ ಸಂಸ್ಥೆ ಮೈಸೂರಿನಲ್ಲಿ ಗಣಕಯಂತ್ರಗಳನ್ನು ತಯಾರಿಸಿತು. ಅವುಗಳ ಪ್ರೊಸೆಸರ್ ಇಂಟೆಲಿನ ೮೦೮೬. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮುಂದಾಗಿ ರೂಪಿಸಿದ ಸಿಂಪ್ಯೂಟರ್ ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದಾಗ ಅದರ ಪ್ರೊಸೆಸರೂ ಹೊರಗಿನದೇ ಆಗಿತ್ತು. ಇದಕ್ಕೆ ಪ್ರತಿಯಾಗಿ, ಇಂಟೆಲ್ ೨೦೦೮ರಲ್ಲಿ ಹೊರತಂದ ಆರು ಗರ್ಭಗಳ ಜಿಯಾನ್ ೭೪೦೦ ಎಂಬ ಸರ್ವರ್ ಪ್ರೊಸೆಸರಿನ ವಿನ್ಯಾಸ ಬೆಂಗಳೂರಿನಲ್ಲಿ ನಡೆಯಿತು. ಅದರ ಮೇಲೆ ಬೆಂಗಳೂರಿನ ಹೆಸರಿಲ್ಲ. ಮೊದಲೆರಡರಲ್ಲಿ ಹೊರಗಿನ ಭಾಗಕ್ಕೆ ನಮ್ಮ ಹೆಸರು ಬಂದಿತು. ಮೂರನೆಯದರಲ್ಲಿ ನಮ್ಮ ಕೆಲಸಕ್ಕೆ ಹೊರಗಿನ ಹೆಸರು ಬಂದಿತು. ಭಾರತ ಸರ್ಕಾರವು ೨೦೨೩ರ ಮೇ ತಿಂಗಳಿನಲ್ಲಿ ಗಣಕಯಂತ್ರಗಳ ದೇಶೀಯ ತಯಾರಿಕೆಗಾಗಿ ೧೭,೦೦೦ ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆಯನ್ನು ಅಂಗೀಕರಿಸಿ, ಆಗಸ್ಟಿನಲ್ಲಿ ಲ್ಯಾಪ್‌ಟಾಪುಗಳ ಆಮದಿನ ಮೇಲೆ ನಿರ್ಬಂಧ ಪ್ರಕಟಿಸಿ, ಬಳಿಕ ಅದನ್ನು ಸಡಿಲಿಸಿತು. ಭಾರತದಲ್ಲಿ ತಯಾರಾದುದು ಎಂಬ ಮುದ್ರೆ ಮುಂದೆ ಹೆಚ್ಚು ಹೆಚ್ಚಾಗಿ ಕಾಣಬಹುದು. ಜೋಡಣೆ ಇಲ್ಲಿಯದೆ, ಭಾಗಗಳೂ ಇಲ್ಲಿಯವೆ ಎಂದು ಕೇಳುವ ಅಭ್ಯಾಸ ನಮಗಿಲ್ಲದಿದ್ದರೆ ಆ ಮುದ್ರೆಯೂ ಇನ್ನೊಂದು ಮುಚ್ಚಳದ ಹೆಸರಾದೀತು.

ತಂತ್ರಾಂಶದ ವಿಚಾರವೂ ಹೀಗೆಯೇ. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ ಕನ್ನಡಕ್ಕೆ ದೊರೆತ ಅಕ್ಷರವಿನ್ಯಾಸದ ಹೆಸರು 'ತುಂಗಾ'. ಕಳಸಕ್ಕೆ ಸಮೀಪದ ಗಂಗಾಮೂಲದಲ್ಲಿ ಹುಟ್ಟುವ ಹೊಳೆಯ ಹ��ಸರಿದು. ಹೆಸರು ನಮ್ಮ ಬೆಟ್ಟದ್ದಾದರೂ ಅಕ್ಷರಗಳ ಒಡೆತನ ಮೈಕ್ರೊಸಾಫ್ಟಿನದು. ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಕಾಳಜಿಯಿಂದ ಎತ್ತಿದುದು ನಮ್ಮ ಓದುಗರಿಗೆ ತಿಳಿದ ವಿಷಯವೇ ಆಗಿದೆ.

೭

ಕೊನೆಯದಾಗಿ ಪ್ರಯೋಜನದ ಮಾತು. ನಮ್ಮ ಸೀಮೆಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೂ ಪುಸ್ತಕವೂ ಬೂಷ್ಟು ಹಿಡಿಯುವಾಗ ಯಂತ್ರಗಳು ಮಾತ್ರ ತೇವದಿಂದ ಪಾರಾಗುವುದಿಲ್ಲ. ವಿದ್ಯುತ್ ದಿನಗಟ್ಟಲೆ ಇಲ್ಲದಿರುವುದೂ ಉಂಟು. ಇಂತಹ ಕಡೆ ಮೊದಲು ಸೋಲುವುದು ಬ್ಯಾಟರಿ ಮತ್ತು ಚಾರ್ಜಿನ ಭಾಗ. ಯಂತ್ರದ ಹೆಸರನ್ನಷ್ಟೇ ಬಲ್ಲ ವಿದ್ಯಾರ್ಥಿಗೆ ಅದು ನಿಂತ ದಿನ ಎಲ್ಲವೂ ನಿಂತಂತೆ. ಭಾಗಗಳನ್ನು ಬಲ್ಲವನಿಗೆ ನಿಂತುದು ಯಾವುದು, ಉಳಿದುದು ಯಾವುದು ಎಂಬ ವಿವೇಕವಿರುತ್ತದೆ. ಮೇಲೆ ಹೇಳಿದ ಹುಡುಗನ ಎರಡು ವರ್ಷದ ಶ್ರಮ ಉಳಿದುದು ಈ ವಿವೇಕ ಪಟ್ಟಣದ ಒಬ್ಬ ಕೆಲಸಗಾರನಲ್ಲಿದ್ದುದರಿಂದ. ಅವನ ಗುರುಗಳಾದ ನಮ್ಮಲ್ಲಿ ಅದು ಇರಲಿಲ್ಲ.

ಈ ತಿಳಿವಳಿಕೆಗೆ ಬೇಕಾದ ಆಕರಗಳು ಸಂಪೂರ್ಣ ಅಲಭ್ಯವೇನಲ್ಲ. ಕಡ್ಡಾಯ ನೋಂದಣಿ ಆಜ್ಞೆಯ ಪ್ರಕಾರ ಲ್ಯಾಪ್‌ಟಾಪಿನ ತಳದಲ್ಲಿ ಭಾರತೀಯ ಮಾನಕ ಬ್ಯೂರೋದ ಗುರುತಿನೊಡನೆ 'ಆರ್' ಅಕ್ಷರದಿಂದ ಮೊದಲಾಗುವ ಸಂಖ್ಯೆಯೊಂದಿರುತ್ತದೆ. ಚಾರ್ಜರಿನ ಮೇಲೆ ಅದರದೇ ಆದ ಸಂಖ್ಯೆ ಬೇರೆ. ಈ ನೋಂದಣಿ ದೊರೆಯುವುದು ತಯಾರಿಸುವ ಕಾರ್ಖಾನೆಗೆ. ಬ್ಯೂರೋದ ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಸಂಖ್ಯೆಯನ್ನು ಪರಿಶೀಲಿಸಬಹುದು. ಯಂತ್ರದೊಳಗಿನ ಡಿವೈಸ್ ಮ್ಯಾನೇಜರ್ ಪಟ್ಟಿಯಿಂದ ಎಸ್‌ಎಸ್‌ಡಿ, ವೈಫೈ, ಧ್ವನಿ ಇವುಗಳ ತಯಾರಕರನ್ನು ಬಹುಮಟ್ಟಿಗೆ ತಿಳಿಯಬಹುದು. ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟದಲ್ಲಿ (೧೯೦೧) ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು ಹುಡುಕಲು ಕಲಿಯುವ ವಿದ್ಯಾರ್ಥಿಗೆ ಇದು ಕಷ್ಟದ ಕೆಲಸವಲ್ಲ.

ಕಾಲೇಜುಗಳು ಯಂತ್ರಗಳನ್ನು ಕೊಳ್ಳುವಾಗ ಬರೆಯುವ ಪಟ್ಟಿಗೆ ನಾಲ್ಕು ಪ್ರಶ್ನೆಗಳನ್ನು ಸೇರಿಸಬೇಕೆಂದು ನಮ್ಮ ಸೂಚನೆ: ರ್ಯಾಮ್ ಮತ್ತು ಎಸ್‌ಎಸ್‌ಡಿ ಬಿಚ್ಚಿ ಬದಲಿಸುವಂತಿವೆಯೆ, ಬ್ಯಾಟರಿಯ ಭಾಗಸಂಖ್ಯೆ ಯಾವುದು, ಬದಲಿ ಭಾಗಗಳು ಎಷ್ಟು ವರ್ಷ ದೊರೆಯುತ್ತವೆ, ರಿಪೇರಿಯ ಕೈಪಿಡಿಯನ್ನು ಕಂಪನಿ ಪ್ರಕಟಿಸಿದೆಯೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ೨೦೨೨ರಲ್ಲಿ ರಿಪೇರಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿ, ಅದೇ ವರ್ಷ ಒಂದು ಜಾಲತಾಣವನ್ನೂ ತೆರೆದುದು ಈ ದಿಕ್ಕಿನ ಮೊದಲ ಹೆಜ್ಜೆ. ಕೊಳ್ಳುವವರು ಕೇಳದಿದ್ದರೆ ಆ ಹೆಜ್ಜೆ ಅಲ್ಲಿಗೇ ನಿಲ್ಲುತ್ತದೆ.

ಬೇಲೂರಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗ ನಾವು ಮಹಾದ್ವಾರದಲ್ಲಿಯೇ ನಿಂತು ರಾಜನ ಹೆಸರನ್ನು ಹೇಳಿ ಹಿಂದಿರುಗುವುದಿಲ್ಲ. ಪೀಠದ ಬಳಿ ಬಾಗಿ ಶಿಲ್ಪಿಯ ಹೆಸರನ್ನೂ ಓದಿಸುತ್ತೇವೆ. ಅದರಿಂದ ರಾಜನ ಗೌರವ ಕಡಿಮೆಯಾಗಿಲ್ಲ, ನಮ್ಮ ತಿಳಿವು ಹೆಚ್ಚಿದೆ. ದಿನವೂ ಮೇಜಿನ ಮೇಲೆ ತೆರೆದಿಡುವ ಈ ಯಂತ್ರದ ಬಗ್ಗೆಯೂ ಅಷ್ಟು ಶ್ರದ್ಧೆ ತೋರುವುದು ಇತಿಹಾಸದ ವಿದ್ಯಾರ್ಥಿಗೆ ತಕ್ಕ ಕೆಲಸವೆಂದು ನಾವು ಭಾವಿಸುತ್ತೇವೆ.